ಬಿಸಿಯೂಟದಕ್ಕನ ತೋಟ ಮತ್ತು ನನ್ನ ಭಾಷಣ

ಕಳೆದ ತಿಂಗಳು ಶ್ರೀರಂಗಪಟ್ಟಣದಲ್ಲಿ, ಸಂಗಮಕ್ಕೆ ಹೋಗುವ ದಾರಿಯ ಒಂದು ಅಂಗಡಿಯಲ್ಲಿ ಸೋರೆ ಬುರುಡೆಯ ದೀಪಗಳನ್ನು ತೂಗುಹಾಕಿದ್ದರು. ಒಣಗಿದ ಸೋರೆಕಾಯಿಗೆ ಸಣ್ಣ ಸಣ್ಣ ತೂತು ಕೊರೆದು, ಒಳಗೆ ಬಲ್ಬು ಇಟ್ಟು, ಮೇಲೆ ವಾರ್ನಿಷು ಬಳಿದಿದ್ದರು. ಒಂದನ್ನು ಕೈಗೆತ್ತಿಕೊಂಡು ಕತ್ತಿನ ತೂತಿಗೆ ಮೂಗಿಟ್ಟೆ. ವಾರ್ನಿಷಿನ ಅಡಿಯಲ್ಲಿ ಆ ವಾಸನೆ ಹಾಗೇ ಇತ್ತು. ಕಹಿ, ಒಣಗಿದ ತಿರುಳು, ಚೂರು ಬೂದಿ...

"ಎಲ್ಲಾ ಕೈಯಲ್ಲೇ ಮಾಡಿದ್ದು ಮೇಡಂ. ನಮ್ಮ ಹಳ್ಳಿ ಹೆಂಗಸರ ಪರಂಪರೆ" ಎಂದ ಅಂಗಡಿಯವನು. ಯಾವ ಹಳ್ಳಿ, ಯಾವ ಹೆಂಗಸರು ಎಂದು ಕೇಳಿದೆ. ಅವನು ಬೆಲೆ ಹೇಳಿದ. ದೀಪ ಕೆಳಗಿಟ್ಟು ಹೊರಗೆ ಬಂದುಬಿಟ್ಟೆ. ಪಾಪ, ಅವನ ತಪ್ಪೇನೂ ಇರಲಿಲ್ಲ. ನನ್ನ ಸಿಟ್ಟು ಒಂಬತ್ತು ವರ್ಷ ಹಳೆಯದು. ಅದಕ್ಕೆ ಸಿಕ್ಕಿದವರ ಮೇಲೆ ಹಾಯುವ ಅಭ್ಯಾಸವಾಗಿಬಿಟ್ಟಿದೆ.

ಸೋರೆಕಾಯಿಯೊಳಗೆ ಕೈಯಾಡಿಸಲು ನನಗೆ ಕಲಿಸಿದವರು ನಮ್ಮ ಶಾಲೆಯ ಬಿಸಿಯೂಟದಕ್ಕ. ನಾನು ಏಳನೇ ಕ್ಲಾಸಿನಲ್ಲಿದ್ದಾಗ ಅವರು ಕೆಲಸಕ್ಕೆ ಬಂದರು. ಚಿನಕುರಳಿಯಿಂದ ನಾಲ್ಕು ಮೈಲಿ ಆಚೆಗಿನ ನಮ್ಮೂರಿನ ಸರ್ಕಾರಿ ಶಾಲೆ ಅದು. ಒಂದರಿಂದ ಹತ್ತರವರೆಗೆ ಒಂದೇ ಕಾಂಪೌಂಡು. ಅಡುಗೆಮನೆಯ ಹಿಂದೆ, ಶಾಲೆಯ ಗೋಡೆಗೂ ನಾಲೆಯ ಏರಿಗೂ ನಡುವೆ, ಒಂದು ಕಬಡ್ಡಿ ಅಂಕಣದಷ್ಟು ಜಾಗ ಪಾರ್ಥೇನಿಯಂ ಬೆಳೆದು ಹಾಳುಬಿದ್ದಿತ್ತು. ಅಕ್ಕ ಬಂದ ಮೊದಲ ಮಳೆಗಾಲದಲ್ಲೇ ಸೀರೆ ಎತ್ತಿಕಟ್ಟಿ ಅದನ್ನು ಅಗೆದರು. ಯಾರೂ ಹೇಳಿರಲಿಲ್ಲ. ಅಡುಗೆಗೆ ಬರುವ ತರಕಾರಿ ಬಾಡಿರುತ್ತದೆ ಎಂಬುದಷ್ಟೇ ಅವರ ಕಾರಣ. ಹೆಡ್‌ಮೇಷ್ಟ್ರು ಒಂದು ವಾರ ನೋಡಿ, ಆಮೇಲೆ ಅದಕ್ಕೆ 'ಶಾಲಾ ಕೈತೋಟ' ಎಂದು ಬೋರ್ಡು ಬರೆಸಿ ಫೋಟೋ ತೆಗೆಸಿಕೊಂಡರು. ಫೋಟೋದಲ್ಲಿ ಗುದ್ದಲಿ ಅವರ ಕೈಯಲ್ಲಿತ್ತು.

ಒಂದೊಂದು ಕ್ಲಾಸಿಗೆ ಒಂದೊಂದು ಪಾತಿ. ಆರಿದ್ರೆ ಮಳೆಗೆ ಹೀರೆ, ಪಡವಲ, ಸೋರೆ ಹಾಕುತ್ತಿದ್ದೆವು. ನಾಲೆಗೆ ನೀರು ಬಿಟ್ಟ ಮೇಲೆ ಬದನೆ, ಮೆಣಸಿನ ಸಸಿ. ಸುತ್ತ ಬೇಲಿಗೆ ಅವರೆ ಬಳ್ಳಿ. ಅದು ಚಳಿ ಬೀಳುವ ಹೊತ್ತಿಗೆ ಸೊಗಡು ಕಟ್ಟಿ ಇಡೀ ಶಾಲೆಗೆ ಗಮ್ಮೆನ್ನುತ್ತಿತ್ತು. ಬೇಸಿಗೆಯಲ್ಲಿ ನಾಲೆ ಒಣಗಿದಾಗ ಅಕ್ಕ ಪಾತ್ರೆ ತೊಳೆದ ನೀರನ್ನೇ ಸಣ್ಣ ಕಾಲುವೆ ಮಾಡಿ ಹರಿಸುತ್ತಿದ್ದರು. ಪಡವಲಕಾಯಿ ಸೊಟ್ಟಗಾಗದಿರಲಿ ಎಂದು ಅದರ ತುದಿಗೆ ದಾರದಲ್ಲಿ ಕಲ್ಲು ಕಟ್ಟುವುದು ನಮ್ಮ ಕ್ಲಾಸಿನ ಕೆಲಸ. ಕ್ವಾರಿಯ ಲಾರಿಗಳು ರಸ್ತೆಯಲ್ಲಿ ಉದುರಿಸಿ ಹೋದ ಜಲ್ಲಿ ಅದಕ್ಕೆ ಹದವಾಗಿರುತ್ತಿತ್ತು.

ಗಿಡಕ್ಕೆ ಕೆಲಸವಿಲ್ಲದ ದಿನ ಕೈಗೆ ಕೆಲಸ. ಹರಿದ ಸೀರೆಯ ಅಂಚು ಸೀಳಿ ಹೊಸೆದು ಬಳ್ಳಿಗೆ ಹಗ್ಗ ಮಾಡುತ್ತಿದ್ದೆವು. ಹಳೇ ಯೂನಿಫಾರಂಗೆ ಹುಲ್ಲು ತುಂಬಿ ಬೆರ್ಚಪ್ಪನನ್ನು ನಿಲ್ಲಿಸುತ್ತಿದ್ದೆವು. ಒಂದು ವರ್ಷ ಅದಕ್ಕೆ ಹೆಡ್‌ಮೇಷ್ಟ್ರ ತರಹವೇ ಹೊಟ್ಟೆ ಬಂದುಬಿಟ್ಟು, ಅಕ್ಕ ನಗು ತಡೆಯಲಾರದೆ ಸೆರಗು ಬಾಯಿಗೆ ತುರುಕಿಕೊಂಡರು. ಬಲಿತ ಸೋರೆಯನ್ನು ಬಳ್ಳಿಯಲ್ಲೇ ಒಣಗಲು ಬಿಟ್ಟು, ಕತ್ತು ಕೊಯ್ದು, ನೀರಿನಲ್ಲಿ ನೆನೆಹಾಕಿ, ಜಲ್ಲಿ ಹಾಕಿ ಕುಲುಕಿದರೆ ಒಳಗಿನ ತಿರುಳೆಲ್ಲ ಬಿಟ್ಟು ಬರುತ್ತಿತ್ತು. ಬಿಡದಿದ್ದರೆ ಕೈ ಹಾಕಿ ಕೆರೆಯಬೇಕು. ಸಣ್ಣ ಕೈ ಬೇಕು ಅದಕ್ಕೆ, ನನ್ನದು ಸರಿಹೋಗುತ್ತಿತ್ತು. ಆ ಬುರುಡೆಗಳಲ್ಲಿ ಬೀಜ ತುಂಬಿ, ಬೂದಿ ಬೆರೆಸಿ, ಅಡುಗೆಮನೆಯ ಜಂತೆಗೆ ನೇತುಹಾಕುತ್ತಿದ್ದೆವು.

"ಬೂದಿ ಯಾಕೆ?" ಎಂದು ಕೇಳಿದ್ದು ನಾನು. ಎಲ್ಲಕ್ಕೂ ಯಾಕೆ ಎನ್ನುವವಳು ನಾನು. ಅದಕ್ಕೆ ಮನೆಯಲ್ಲಿ ಬೈಗುಳ, ಕ್ಲಾಸಿನಲ್ಲಿ 'ಹೆಚ್ಚು ಮಾತಾಡಬೇಡ'. ಅಕ್ಕ ಮಾತ್ರ ಎರಡು ಬುರುಡೆ ನನ್ನ ಮುಂದಿಟ್ಟರು.

"ಒಂದ್ಕೆ ಬೂದಿ ಆಕು, ಒಂದ್ಕೆ ಬ್ಯಾಡ. ಮುಂದಿನ್ ವರ್ಷ ಒಡ್ದು ನೋಡನ. ನಾನ್ ಯೋಳಿದ್ ನಂಬ್ಬ್ಯಾಡ ಕಣಮ್ಮಿ, ಹುಳ ಯೋಳ್ತದೆ."

ಹುಳ ಹೇಳಿತು. ಬೂದಿಯಿಲ್ಲದ ಬುರುಡೆಯಲ್ಲಿ ಬೀಜಕ್ಕಿಂತ ಹುಡಿಯೇ ಹೆಚ್ಚಿತ್ತು. ಅಮಾವಾಸ್ಯೆಯ ಹಿಂದುಮುಂದು ನೆಟ್ಟರೆ ಸಸಿ ಏಳುವುದಿಲ್ಲ ಎನ್ನುತ್ತಾರಲ್ಲ, ಅದನ್ನೂ ಎರಡು ಪಾತಿ ಮಾಡಿ ನೋಡಿದೆವು. ಎರಡರಲ್ಲೂ ಒಂದೇ ಸಮ ಎದ್ದವು. ಅಕ್ಕ ತುಟಿ ಬಿಗಿದು ನಕ್ಕರು. ಏಳನೇ ಕ್ಲಾಸು ದಾಟದ ಆ ಹೆಂಗಸಿನ ಹತ್ತಿರ ನಾನು ಕಲಿತದ್ದನ್ನು, ಪ್ರಯೋಗ ಮಾಡಿಸದೆಯೇ ಅಂಕಿ ಬರೆಸಿಬಿಡುತ್ತಿದ್ದ ನಮ್ಮ ವಿಜ್ಞಾನದ ಮೇಷ್ಟ್ರು ಕೊನೆಗೂ ಕಲಿಸಲಿಲ್ಲ.

ಈಗ ಹೇಳಬೇಕಾದ ಮಾತಿಗೆ ಬರುತ್ತೇನೆ.

ಒಂಬತ್ತನೇ ಕ್ಲಾಸಿನ ಮಳೆಗಾಲ. ನಾನು ಮೈನೆರೆದು ಕೆಲವೇ ತಿಂಗಳಾಗಿತ್ತು. ನಮ್ಮ ಮನೆಯಲ್ಲಿ ಆ ಮೂರು ದಿನ ಹಿತ್ತಲ ಕೋಣೆ, ಬೇರೆ ತಟ್ಟೆ, ಬೇರೆ ಲೋಟ. ಮಲ್ಲಿಗೆ ಬಳ್ಳಿಯ ಮೇಲೆ ನೆರಳೂ ಬೀಳಬಾರದು, ಬಾಡುತ್ತದಂತೆ. ಶಾಲೆಗೆ ಮಾತ್ರ ಕಳಿಸುತ್ತಿದ್ದರು. ಬಂದವಳು ಮಧ್ಯಾಹ್ನ ತೋಟದ ಬೇಲಿಯ ಆಚೆಯೇ ನಿಂತಿದ್ದೆ. ನಮ್ಮ ಪಾತಿಗೆ ನೀರು ಬಿಡುವ ಸರದಿ ನನ್ನದಾಗಿತ್ತು.

"ಯಾಕಮ್ಮಿ, ನೆಂಟ್ರಂಗೆ ನಿಂತ್ಕಂಡೆ?"

"ಆಚೆಗಾಗಿದ್ದೀನಿ ಅಕ್ಕ."

ಅಕ್ಕ ಸೊಂಟಕ್ಕೆ ಕೈಯಿಟ್ಟುಕೊಂಡು ನನ್ನನ್ನೊಮ್ಮೆ, ಹೀರೆ ಬಳ್ಳಿಯನ್ನೊಮ್ಮೆ ನೋಡಿದರು. "ಬಳ್ಳಿಗೆ ಬಾಯಾರ್ಯದೆ. ನಿನ್ ಕ್ಯಾಲೆಂಡ್ರು ಕಟ್ಕಂಡು ಅದೇನ್ ಮಾಡ್ಬೇಕು? ಬಾ, ನೀರ್ ಉಯ್ಯಿ" ಎಂದರು. ನಾನು ಇನ್ನೂ ಅನುಮಾನಿಸಿದೆ. ಆಗ ದನಿ ತಗ್ಗಿಸಿ ಹೇಳಿದರು: "ನಾನು ಮುವ್ವತ್ತು ದಿನಾನೂ ಇಲ್ಲೇ ಇರ್ತೀನಿ. ಒಂದಾದ್ರೂ ಬಾಡ್ಯದಾ? ನೋಡು."

ಒಳಗೆ ಹೋದೆ. ಚೊಂಬಿನಲ್ಲಿ ನೀರು ಹೊಯ್ದೆ. ಮುಟ್ಟಿದೆ, ಎಲೆ ಮುಟ್ಟಿದೆ, ಬೇಕೆಂದೇ ಎಳೆ ಕಾಯಿಯನ್ನೂ ಮುಟ್ಟಿದೆ. ನಾಲ್ಕು ದಿನ ಬಿಟ್ಟು ಬಂದು ನೋಡಿದರೆ ಆ ಕಾಯಿ ಒಂದು ಗೇಣಾಗಿತ್ತು. ಅವತ್ತು ನನಗಾದ ಸಂತೋಷವನ್ನು ಯಾವ ಬಹುಮಾನವೂ ಆಮೇಲೆ ಕೊಟ್ಟಿಲ್ಲ.

ಹೊರಡುವಾಗ ಅಕ್ಕ ಒಂದೇ ಮಾತು ಕೇಳಿದ್ದರು: "ಇದ ಯಾರ್ಗೂ ಯೋಳ್ಬ್ಯಾಡ ಕಣಮ್ಮಿ. ಮನೇಲಂತೂ ಯೋಳ್ಲೇಬ್ಯಾಡ."

"ಹೇಳಲ್ಲ" ಎಂದಿದ್ದೆ.

ಡಿಸೆಂಬರಿನಲ್ಲಿ ಪಾಂಡವಪುರದಲ್ಲಿ ತಾಲ್ಲೂಕು ಮಟ್ಟದ ಚರ್ಚಾಸ್ಪರ್ಧೆ. ವಿಷಯ: ಮೂಢನಂಬಿಕೆ ಹೋಗಬೇಕಾದರೆ ಶಿಕ್ಷಣವೊಂದೇ ದಾರಿ. ನನಗೆ ವಿರೋಧ ಪಕ್ಷ ಬಂತು. ಪರವಾಗಿ ಮಾತಾಡುವವರು ಇಪ್ಪತ್ತು ಜನ ಇಪ್ಪತ್ತು ಗಾದೆ ಹೇಳುತ್ತಾರೆ ಎಂದು ನನಗೆ ಗೊತ್ತಿತ್ತು. ಗೆಲ್ಲಬೇಕಾದರೆ ಒಂದು ಜೀವಂತ ಉದಾಹರಣೆ ಬೇಕು. ಇತ್ತು ನನ್ನ ಹತ್ತಿರ. ಡಿಗ್ರಿ ಓದಿದ ನಮ್ಮ ಮೇಷ್ಟ್ರುಗಳು ಗ್ರಹಣದ ದಿನ ಸ್ನಾನ ಮಾಡಿ ಬರುತ್ತಾರೆ. ಓದದ ನಮ್ಮ ಬಿಸಿಯೂಟದಕ್ಕ ಮುಟ್ಟಿನ ದಿನವೂ ಬಳ್ಳಿಗೆ ನೀರು ಹೊಯ್ಯುತ್ತಾರೆ, ಅಡುಗೆ ಮಾಡುತ್ತಾರೆ, ನನಗೂ ಬಾ ಎನ್ನುತ್ತಾರೆ. ಹಾಗಾದರೆ ಮೌಢ್ಯ ಕಳೆದದ್ದು ಯಾರು, ಶಾಲೆಯೋ ಅಡುಗೆಮನೆಯೋ? ಇಷ್ಟೇ ನನ್ನ ವಾದ. ಕ್ಯಾಲೆಂಡರಿನ ಮಾತನ್ನು ಅವರ ದನಿಯಲ್ಲೇ ಹೇಳಿದೆ. ಸಭೆ ಚಪ್ಪಾಳೆ ಹೊಡೆಯಿತು. ಮೊದಲ ಬಹುಮಾನ ಬಂತು.

ಕೊಟ್ಟ ಮಾತು ನೆನಪಾಗಲಿಲ್ಲವೇ? ಆಯಿತು. ಅದಕ್ಕೂ ವಾದ ಹೂಡಿದೆ. ಅಕ್ಕ ಒತ್ತಿ ಹೇಳಿದ್ದು ಮನೆಯಲ್ಲಿ ಹೇಳಬೇಡ ಎಂದು. ನಾನು ಹೇಳುತ್ತಿರುವುದು ಪಾಂಡವಪುರದಲ್ಲಿ. ಅದೂ ಅಲ್ಲದೆ ನಾನು ಹೊಗಳುತ್ತಿದ್ದೇನೆ, ದೂರುತ್ತಿಲ್ಲ. ಹದಿನಾಲ್ಕು ವರ್ಷದ ಹುಡುಗಿಗೆ ಇಷ್ಟು ಸಾಕಾಗಿತ್ತು. ತರ್ಕ ಕಲಿತವರಿಗೆ ತಮ್ಮ ಮುಂದೆ ತಾವೇ ಗೆಲ್ಲುವುದು ಎಷ್ಟು ಸುಲಭ ಎಂಬುದನ್ನು ಯಾವ ತರಬೇತಿಯಲ್ಲೂ ಹೇಳಿಕೊಡುವುದಿಲ್ಲ.

ಪಾಂಡವಪುರದಲ್ಲೇ ನಿಂತಿದ್ದರೆ ಏನೂ ಆಗುತ್ತಿರಲಿಲ್ಲ. ಬಹುಮಾನ ನೋಡಿ ಹಿಗ್ಗಿದ ಹೆಡ್‌ಮೇಷ್ಟ್ರು, ಗಣರಾಜ್ಯೋತ್ಸವದ ದಿನ ಊರಿನ ಮುಂದೆ ಅದೇ ಭಾಷಣ ಮಾಡು ಎಂದರು. ಏನು ಮಾತಾಡಿದ್ದೆ ಎಂದು ಅವರು ಕೇಳಲಿಲ್ಲ. ನಾನೂ ಹೇಳಲಿಲ್ಲ. ಶಾಮಿಯಾನದಡಿ ಊರೆಲ್ಲ ಕೂತಿತ್ತು. ಮೊದಲ ಸಾಲಿನಲ್ಲಿ ಶಾಲಾ ಸಮಿತಿಯ ಅಧ್ಯಕ್ಷರು, ಅಂದರೆ ನನ್ನ ಅಪ್ಪ. ಅಡುಗೆಮನೆಯ ಬಾಗಿಲಲ್ಲಿ ಅಕ್ಕ, ಎರಡು ದೊಡ್ಡ ಪಾತ್ರೆಯ ತುಂಬ ಕೇಸರಿಬಾತು ಮಾಡಿಟ್ಟುಕೊಂಡು, ನನ್ನ ಭಾಷಣ ಕೇಳಲು ಕೈಯೊರೆಸಿಕೊಂಡು ಬಂದು ನಿಂತಿದ್ದರು.

ಮೈಕಿನಲ್ಲಿ ಅವರ ಮಾತು ನನ್ನ ಬಾಯಿಂದ ಹೊರಟಾಗ ಅವರ ಮುಖ ನೋಡಿದೆ. ನಗುತ್ತಾರೆ ಅಂದುಕೊಂಡಿದ್ದೆ...

ಚಪ್ಪಾಳೆ ಬೀಳಲಿಲ್ಲ. ಯಾರೋ ಒಬ್ಬ ಹೆಂಗಸು ಮಗುವನ್ನು ಎತ್ತಿಕೊಂಡು ಎದ್ದಳು. ಅವಳ ಹಿಂದೆ ಇನ್ನೊಬ್ಬಳು. ಅಕ್ಕ ಮುತ್ತುಗದ ಎಲೆಗೆ ಕೇಸರಿಬಾತು ಹಾಕಿ ಹಿಡಿದೇ ನಿಂತರು, ಮಕ್ಕಳನ್ನು ತಾಯಂದಿರು ರಟ್ಟೆ ಹಿಡಿದು ಎಳೆದುಕೊಂಡು ಹೋದರು. ಎರಡೂ ಪಾತ್ರೆ ತುಂಬಿದ್ದು ತುಂಬಿದ ಹಾಗೇ ಉಳಿದವು. ನಾನೊಬ್ಬಳು ತಿಂದೆ. ಎರಡು ಸಲ ಹಾಕಿಸಿಕೊಂಡು ತಿಂದೆ, ಅದರಿಂದ ಏನೋ ಸರಿಹೋಗುತ್ತದೆ ಎಂಬಂತೆ. ಅಕ್ಕ ಬಡಿಸಿದರು, ನನ್ನ ಮುಖ ನೋಡಲಿಲ್ಲ.

ಇಲ್ಲಿ ಒಂದು ಪ್ರಶ್ನೆ ಕೇಳುತ್ತೇನೆ. ನಲವತ್ತು ದಾಟದ ಒಬ್ಬ ಹೆಂಗಸು ಎರಡೂವರೆ ವರ್ಷ, ಒಂದು ದಿನವೂ ರಜೆ ಹಾಕದೆ, ಊರಿನ ಮಕ್ಕಳಿಗೆಲ್ಲ ಅಡುಗೆ ಮಾಡಿದಳು. ಊರಿನ ಯಾವ ಹೆಂಗಸಿಗೆ ಲೆಕ್ಕ ಗೊತ್ತಿರಲಿಲ್ಲ? ಯಾವ ಗಂಡಸಿಗೆ ಹೊಳೆದಿರಲಿಲ್ಲ? ಎಲ್ಲರಿಗೂ ಗೊತ್ತಿತ್ತು. ಕೇಳದೆ ಇರುವುದೇ ನಮ್ಮೂರಿನ ಪದ್ಧತಿ. ಬಸ್ಸಿನಲ್ಲಿ ಪಕ್ಕ ಕೂತವಳನ್ನು ಕೇಳುವುದಿಲ್ಲ, ನಾಟಿ ಹಾಕುವ ಆಳುಗಳನ್ನು ಕೇಳುವುದಿಲ್ಲ, ಕಬ್ಬಿನ ಗದ್ದೆಯಲ್ಲಿ ಕಳೆ ಕೀಳುವವರನ್ನು ಕೇಳುವುದಿಲ್ಲ. ಕೇಳಿದರೆ ಕೆಲಸ ನಿಲ್ಲುತ್ತದೆ. ಮೈಲಿಗೆ ಇರುವುದು ಮೈಯಲ್ಲಂತೂ ಅಲ್ಲವಲ್ಲ, ಹಾಗಾದರೆ ಇನ್ನೆಲ್ಲಿ? ನಾಲ್ಕು ಜನರ ಕಿವಿಯಲ್ಲಿ. ಈ ಪದ್ಧತಿಯ ಸಂದಿಯಲ್ಲೇ ಅಕ್ಕ ಒಂದು ತೋಟ ಮಾಡಿಕೊಂಡಿದ್ದರು. ನಾನು ಹೋಗಿ ಮೈಕು ಹಿಡಿದೆ.

ಎರಡು ದಿನ ಬಿಟ್ಟು ಹೆಡ್‌ಮೇಷ್ಟ್ರ ಕೋಣೆಯಲ್ಲಿ ಸಮಿತಿಯ ಸಭೆ. ಕ್ಲಾಸಿನಿಂದ ಎದ್ದುಹೋಗಿ ಬಾಗಿಲಲ್ಲಿ ನಿಂತೆ. ಅಕ್ಕ ಒಳಗೆ, ಬೀರುವಿನ ಪಕ್ಕ ನಿಂತಿದ್ದರು. ಕೂರಲು ಯಾರೂ ಹೇಳಿರಲಿಲ್ಲ.

"ನಂಗೇನೂ ಇಲ್ಲ ಕಣ್ರಪ್ಪ. ಜನ ಒಪ್ಪಬೇಕಲ್ಲ?" ಎಂದರು ಅಪ್ಪ.

"ನಂಗೂ ಏನಿಲ್ಲ ಗೌಡ್ರೇ" ಎಂದ ಸದಸ್ಯನೊಬ್ಬ. "ಇಷ್ಟ್ ದಿನ ಉಂಡಿದ್ದು ಉಂಡಾಯ್ತು. ಗೊತ್ತಾದ್ಮ್ಯಾಕೆ ಎಂಗೆ ಉಣ್ಣಾದು?"

ಯಾರಿಗೂ ಏನೂ ಇರಲಿಲ್ಲ. ಹಾಗಿದ್ದರೂ ಅಕ್ಕ ಹೋಗಲೇಬೇಕಿತ್ತು. ನಾನು ಸುಮ್ಮನಿರಲಿಲ್ಲ. ಒಳಗೆ ನುಗ್ಗಿ ವಾದ ಮಾಡಿದೆ. ಎರಡೂವರೆ ವರ್ಷ ಉಂಡಿರಲ್ಲ, ಯಾರಿಗೆ ಏನಾಯಿತು? ತಪ್ಪಾದರೆ ನಾನೂ ಬಳ್ಳಿ ಮುಟ್ಟಿದ್ದೇನೆ, ನನ್ನನ್ನೂ ಶಾಲೆ ಬಿಡಿಸಿ. ಇವರಿಗೊಂದು ನ್ಯಾಯ, ಅಧ್ಯಕ್ಷರ ಮಗಳಿಗೊಂದು ನ್ಯಾಯವೇ? ನನ್ನ ಬದುಕಿನ ಅತ್ಯುತ್ತಮ ಭಾಷಣ ಬಹುಶಃ ಅದೇ. ಮುಗಿಸಿದಾಗ ಆ ಸದಸ್ಯ ತೊಡೆ ತಟ್ಟಿ ನಕ್ಕ.

"ಗೌಡ್ರೇ, ಮಗಳ್ನ ಲಾಯ್ರು ಓದ್ಸಿ. ಏನ್ ಮಾತಾಡ್ತದೆ ಕೂಸು!"

ಎಲ್ಲರೂ ನಕ್ಕರು. ಅಪ್ಪನ ಮುಖದಲ್ಲಿ ಹೆಮ್ಮೆಯೂ ಕಂಡಿತು. ಅದನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ. ಅಕ್ಕ ಮಾತ್ರ ನೆಲ ನೋಡುತ್ತಲೇ, "ಸಾಕು ಸುಮ್ಕಿರವ್ವ" ಎಂದರು. ಅದುವರೆಗೆ ನಾನು ಅವರಿಗೆ 'ಅಮ್ಮಿ' ಆಗಿದ್ದೆ. ಹೆಡ್‌ಮೇಷ್ಟ್ರು ಬರೆದಿಟ್ಟಿದ್ದ ಕಾಗದ ಮುಂದೆ ತಳ್ಳಿದರು: 'ಮನೆಯ ಕಾರಣದಿಂದ ಸ್ವಇಚ್ಛೆಯಿಂದ ಕೆಲಸ ಬಿಡುತ್ತಿದ್ದೇನೆ.' ಅಕ್ಕ ಸಹಿ ಹಾಕಿದರು. ಒಂದೊಂದೇ ಅಕ್ಷರ, ನಿಧಾನವಾಗಿ.

ಮಾರನೆಯ ದಿನ ಅಡುಗೆಮನೆಗೆ ಗಂಜಲ ಚಿಮುಕಿಸಿದರು. ಜಂತೆಯ ಬುರುಡೆಗಳನ್ನೆಲ್ಲ ಇಳಿಸಿ ನಾಲೆಗೆ ಎಸೆದರು. ತೋಟದ ಗಿಡಗಳನ್ನು ಬೇರುಸಮೇತ ಕಿತ್ತರು. ಬೇಲಿಯ ಅವರೆ ಬಳ್ಳಿ ಆಗ ಕಾಯಿ ಕಚ್ಚಿ ಜೋತು ಬಿದ್ದಿತ್ತು. ಕಿತ್ತ ಬಳ್ಳಿಯನ್ನು ಒಂದು ಗಾಡಿ ತುಂಬಿ ಎಲ್ಲಿಗೆ ತಂದರು ಗೊತ್ತೇ? ನಮ್ಮ ಕೊಟ್ಟಿಗೆಗೆ. ಹಸುಗಳು ತಿಂದವು, ಹಾಲು ಕರೆದವು, ಆ ಹಾಲು ಡೈರಿಗೆ ಹೋಯಿತು, ಅದರಲ್ಲೇ ಊರೆಲ್ಲ ಕಾಫಿ ಕುಡಿಯಿತು. ಇದನ್ನೂ ನಾನು ಅಪ್ಪನಿಗೆ ಹೇಳಿದೆ. "ತಲೆ ತಿನ್ಬ್ಯಾಡ ಓಗು" ಎಂದರು. ತೋಟದ ಬೇಲಿಗೆ ಗೇಟು ಬಂತು, ಹೆಣ್ಣುಮಕ್ಕಳು ಒಳಗೆ ಹೋಗಕೂಡದೆಂದು ಕಟ್ಟಪ್ಪಣೆಯಾಯಿತು. ಮುಂದಿನ ಮಳೆಗಾಲಕ್ಕೆ ಪಾರ್ಥೇನಿಯಂ ಗೇಟಿನ ಎತ್ತರಕ್ಕೆ ಬೆಳೆದಿತ್ತು.

ನನಗೆ? ನನಗೆ ಏನೂ ಆಗಲಿಲ್ಲ. ಪಾಂಡವಪುರದಲ್ಲಿ ಗೆದ್ದ ಕಪ್ಪು ನಮ್ಮ ಮನೆಯ ಟಿವಿಯ ಮೇಲೆಯೇ ಇತ್ತು.

ಅಕ್ಕ ಅಕ್ಕಿಹೆಬ್ಬಾಳಿನಲ್ಲಿದ್ದ ತಮ್ಮ ಅಕ್ಕನ ಮನೆಗೆ ಹೋದರೆಂದು ತಿಳಿಯಿತು. ಕೂಲಿಗೆ ಹೋಗುತ್ತಾರಂತೆ, ಬೆನ್ನು ಹಿಡಿದುಕೊಂಡಿದೆಯಂತೆ ಎಂದು ಆಗೀಗ ಸುದ್ದಿ ಬರುತ್ತಿತ್ತು. ನಾನು ಹೋಗಲು ಐದು ವರ್ಷ ಬೇಕಾಯಿತು. ಮೈಸೂರಿನಲ್ಲಿ ಕಾನೂನು ಓದುವಾಗ ಒಂದು ಭಾನುವಾರ ಅರಸೀಕೆರೆ ಕಡೆಯ ಪ್ಯಾಸೆಂಜರ್ ರೈಲು ಹತ್ತಿದೆ. ಕ್ಷಮೆ ಕೇಳುವ ಮಾತುಗಳನ್ನು ದಾರಿಯುದ್ದಕ್ಕೂ ಜೋಡಿಸಿಕೊಂಡೆ. ಪೀಠಿಕೆ, ಮೂರು ಅಂಶ, ಮುಕ್ತಾಯ. ಅಭ್ಯಾಸ ಬಿಡಬೇಕಲ್ಲ.

ಮನೆಯ ಮುಂದೆ ಎರಡು ಮಂಚದಗಲದ ಜಾಗದಲ್ಲಿ ಮೆಣಸಿನ ಗಿಡ ಹಾಕಿದ್ದರು. ಬಗ್ಗಿದ್ದವರು ನನ್ನನ್ನು ಕಂಡು ಸೊಂಟ ಹಿಡಿದು ಎದ್ದರು. "ಬನ್ನಿ" ಎಂದರು.

ಜೋಡಿಸಿಕೊಂಡಿದ್ದೆಲ್ಲ ಆ 'ಬನ್ನಿ'ಯಲ್ಲೇ ಬಿದ್ದುಹೋಯಿತು. ಕಾಫಿ ಕೊಟ್ಟರು. ಏನು ಓದುತ್ತೀರಿ ಎಂದು ಕೇಳಿದರು. ಲಾ ಎಂದೆ. "ಸರಿ. ಮಾತಾಡೋದೆ ಕಸುಬು ಮಾಡ್ಕಂಡ್ರಿ" ಎಂದು ಸಣ್ಣಗೆ ನಕ್ಕರು. ನಾನು ತಪ್ಪಾಯಿತು ಅಕ್ಕ ಎಂದೆ. ಆದರೆ ಸುಮ್ಮನೆ ಅಷ್ಟಕ್ಕೇ ನಿಲ್ಲಿಸಲಿಲ್ಲ, ನೀವು ಮಾಡಿದ್ದೇ ಸರಿ, ಊರೇ ತಪ್ಪು, ನಾನು ಸತ್ಯವನ್ನೇ ಹೇಳಿದ್ದು ಎಂದು ಮತ್ತೆ ಶುರುಮಾಡಿದೆ. ಅವರು ಲೋಟ ಕೆಳಗಿಟ್ಟರು.

"ದಿಟಾನೇ ಯೋಳುದ್ರಿ, ಇಲ್ಲ ಅಂದೋರ್ಯಾರು? ಆದ್ರೆ ಅದು ನನ್ ದಿಟ ಆಗಿತ್ತು ಕಣವ್ವ. ಯಾರ್ಗ್ ಯೋಳ್ಬೇಕು, ಯಾವಾಗ್ ಯೋಳ್ಬೇಕು ಅನ್ನಾದ ನನ್ಗೇ ಬುಡ್ಬೇಕಿತ್ತು." ಮೆಣಸಿನ ಗಿಡಗಳ ಕಡೆ ತಿರುಗಿ ಮತ್ತೆ ಹೇಳಿದರು: "ನೀವೊಬ್ರೇ ಅನ್ಕಂಡಿದ್ರಾ? ಬೇಲಿ ಆಚೆ ನಿಂತ್ಕತಿದ್ದ ಹೆಣ್ಮಕ್ಳೆಲ್ಲ ಒಬ್ಬೊಬ್ರೇ ಒಳಕ್ ಬರ್ತಿದ್ರು. ನಾನು ಬಾಯ್ ಮುಚ್ಕಂಡಿದ್ದುಕ್ಕೇ ಬರ್ತಿದ್ರು. ಆಮೇಲೆ ಅವ್ರ್ಗೂ ಬಾಗ್ಲಾಕ್ಬುಟ್ರು."

ನನಗೆ ಗೊತ್ತೇ ಇರಲಿಲ್ಲ. ಎರಡು ವರ್ಷ ಪಕ್ಕದ ಬೆಂಚಿನಲ್ಲಿ ಕೂತ ಹುಡುಗಿಯರು ಒಬ್ಬರೂ ಹೇಳಿರಲಿಲ್ಲ. ಅವರು ಮಾತು ಉಳಿಸಿಕೊಂಡಿದ್ದರು.

ಕ್ಷಮಿಸಿದೆ ಎಂದು ಅಕ್ಕ ಹೇಳಲಿಲ್ಲ. ನಾನೂ ಕೇಳುವ ಧೈರ್ಯ ಮಾಡಲಿಲ್ಲ. ರೈಲಿಗೆ ಹೊತ್ತಾಯಿತು ಎಂದು ಎಬ್ಬಿಸಿ ಕಳಿಸಿದರು. ಮತ್ತೆ ಹೋದದ್ದು ಹೋದ ವರ್ಷ. ಬಾಗಿಲು ತೆರೆದ ಅವರ ಅಕ್ಕ, "ಅವ್ಳೆಲ್ಲವ್ಳೆ ತಾಯಿ, ಬ್ಯಾಸ್ಗೇಲೇ ತೀರೋದ್ಲು" ಎಂದರು. ಯಾವ ಕಾಯಿಲೆ, ಯಾವ ಆಸ್ಪತ್ರೆ ಎಂದೆಲ್ಲ ಕೇಳಿದೆ. ಆಕೆ ಒಳಗೆ ಹೋಗಿ ಕುಡಿಯಲು ನೀರು ತಂದುಕೊಟ್ಟರು. ನನಗೆ ಕೇಳುವ ಹಕ್ಕೂ ಇರಲಿಲ್ಲ.

ಹೆಡ್‌ಮೇಷ್ಟ್ರು ನಾಗಮಂಗಲದ ಕಡೆಗೆ ವರ್ಗವಾಗಿ ಹೋಗಿ ನಿವೃತ್ತರಾದರು. ಹೋದ ವಾರ ಅದೇ ಶಾಲೆಯಿಂದ ಹೊಸ ಮೇಡಂ ಫೋನು ಮಾಡಿದ್ದರು. ಹೆಣ್ಣುಮಕ್ಕಳಿಗೆ ಮುಟ್ಟಿನ ಬಗ್ಗೆ ಜಾಗೃತಿ ಕಾರ್ಯಕ್ರಮವಂತೆ, ಹಳೆಯ ವಿದ್ಯಾರ್ಥಿನಿಯಾದ ನಾನು ಮುಖ್ಯ ಭಾಷಣ ಮಾಡಬೇಕಂತೆ. ಸಮಿತಿಯವರೇ ನನ್ನ ಹೆಸರು ಸೂಚಿಸಿದರಂತೆ! "ಸ್ಥಳೀಯ ಉದಾಹರಣೆ ಇದ್ದರೆ ಮಕ್ಕಳಿಗೆ ಮನಸ್ಸಿಗೆ ನಾಟುತ್ತದೆ" ಎಂದರು. ಪಾಪ, ಅವರಿಗೇನು ಗೊತ್ತು. ಬರುವುದಿಲ್ಲ ಎಂದೆ. ಯಾಕೆ ಎಂದು ಕೇಳಿದರು. ಮೊದಲ ಬಾರಿಗೆ ನನ್ನ ಹತ್ತಿರ ವಾದವಿರಲಿಲ್ಲ.

ಅಲ್ಲಿ ಹೇಳದ್ದನ್ನು ಇಲ್ಲಿ ಬರೆದಿದ್ದೇನೆ. ಊರಿನ ಹೆಸರು ಹಾಕಿಲ್ಲ, ಅವರ ಹೆಸರು ಹಾಕಿಲ್ಲ. ಆದರೂ ಇದು ಅವರ ಮಾತು, ನಾನು ಮತ್ತೊಮ್ಮೆ ಊರ ಮುಂದೆ ಇಟ್ಟಿದ್ದೇನೆ. ಈ ಸಲ ಬರೆಯುವ ಮುಂಚೆ ಕೇಳಬೇಕು ಎಂದು ನೆನಪಿತ್ತು.

ಕೇಳೋಣವೆಂದರೆ ಅಕ್ಕ ಇಲ್ಲ.